ಪರಾಮರ್ಶೆಯಲ್ಲೊಂದು ಕೈ

ಮಳೆ ಹನಿಯುತ್ತಿದೆ ಅಂದುಕೊಂಡು ತಲೆ ಎತ್ತಿದರೆ ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಅಂಗಳದ ತುಂಬ ಮಟಮಟ ಮಧ್ಯಾಹ್ನದ ಬಿಸಿಲು, ಶಾಮಿಯಾನದ ತೂತುಗಳಿಂದ ಇಳಿದ ಬೆಳಕು ಖಾಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಚುಕ್ಕಿಚುಕ್ಕಿಯಾಗಿ ಬಿದ್ದಿದೆ, ಆದರೂ ಆ ಸದ್ದು ಮಾತ್ರ ನಿಂತಿಲ್ಲ, ಸಣ್ಣಗೆ, ಒಂದೇ ಸಮನೆ, ಎಲೆಗಳ ಮೇಲೆ ತುಂತುರು ಬಿದ್ದಂತೆ — ಓ, ಹುಳ, ಹಿತ್ತಿಲ ಹುಳದ ಮನೆಯಲ್ಲಿ ರೇಷ್ಮೆಹುಳ ಸೊಪ್ಪು ಮೇಯುತ್ತಿರುವ ಸದ್ದು, ಕೇಳಿ ಯಾವ ಕಾಲವಾಯಿತು, ಶ್ರೀವಿದ್ಯಾಳಿಗಿಂತ ಮೊದಲು ಅವಳ ಕಿವಿಗೇ ಅದರ ಗುರುತು ಸಿಕ್ಕಿಬಿಟ್ಟಿತು, ಸಾವಿನ ಮನೆಯಲ್ಲೂ ಹೊಟ್ಟೆ ತುಂಬ ತಿನ್ನುವ ಜೀವಗಳಿವೆಯಲ್ಲ ಅಂದುಕೊಳ್ಳುತ್ತ ಚಪ್ಪಲಿ ಬಿಡಲು ಬಗ್ಗಿದಳು, ಅಷ್ಟರಲ್ಲಿ ಜಗಲಿಯಿಂದ ಆ ಮಾತು ಬಂತು. ಅಲ್ಲೇ ನಿಲ್ಲಮ್ಮ, ಒಳಗೆ ಬರಬೇಡ, ಯಾರನ್ನೂ ಮುಟ್ಟಬೇಡ. ಹೇಳಿದ್ದು ಅಶ್ವತ್ಥಮ್ಮ, ಈ ಮನೆಯ ಯಜಮಾನಿ ಅಮ್ಮಾಜಮ್ಮನ ತಂಗಿ, ಎರಡೂ ಕೈ ಅಡ್ಡ ಹಿಡಿದು, ಬೀದಿಯ ಎಮ್ಮೆ ಒಳಗೆ ನುಗ್ಗದಂತೆ ತಡೆಯುವ ಹಾಗೆ. ಶಿಡ್ಲಘಟ್ಟದಲ್ಲಿ ಬಸ್ಸಿಳಿದು ಆಟೋ ಹಿಡಿದು ಬಂದ ಬೆವರು ಬೆನ್ನ ಮೇಲೇ ತಣ್ಣಗಾಯಿತು. ಇದೇ ಅಂಗಳ, ಇದೇ ಕಲ್ಲುಚಪ್ಪಡಿ, ಲಂಗದ ಹುಡುಗಿಯಾಗಿ ಅಮ್ಮನ ಹಿಂದೆ ಬರುತ್ತಿದ್ದಾಗ ಯಾರೂ ಈ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದು ಕಾಲಿಗೇ ಗೊತ್ತಿತ್ತು, ಈಗ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಮೇಡಂ ಆದಮೇಲೆ, ತಲೆಯಲ್ಲಿ ನರೆ ಮೂಡಿದ ಮೇಲೆ, ಮುಖಕ್ಕೆ ಹೊಡೆದ ಹಾಗೆ ಹೇಳಿಸಿಕೊಳ್ಳಬೇಕಾಯಿತಲ್ಲ. ತಿರುಗಿ ಹೋಗಿಬಿಡಲೇ. ನರಸಿಂಹಮೂರ್ತಿ ಬೆಳಗ್ಗೆ ಗೌರಿಬಿದನೂರಿನಿಂದ ಫೋನು ಮಾಡಿ ಹೇಳಿದ್ದೇ ಸರಿ, ತಮ್ಮನಾದರೂ ಅವನಿಗೆ ಲೋಕ ಗೊತ್ತು, ಅಮ್ಮ ಸತ್ತಾಗ ಅವರು ಬಂದಿದ್ರಾ ಅಕ್ಕ, ಒಂದೇ ಒಂದು ಸಲ ಮುಖ ತೋರಿಸಿದ್ರಾ, ನೀನ್ಯಾಕೆ ಮೇಲೆ ಬಿದ್ದು ಹೋಗ್ತೀಯ. ಹೋಗು ಅಂದವನು ಅಪ್ಪ. ಈಗ ಮಗಳ ಜೊತೆ ಚಿಕ್ಕಬಳ್ಳಾಪುರದಲ್ಲೇ ಇರುವ ಚೆನ್ನರಾಯಪ್ಪನದು ಯಾವಾಗಲೂ ಅಳೆದು ಆಡುವ ಮಾತು, ರಮೇಶ್‌ಬಾಬು ಹೋಗ್ಬಿಟ್ನಂತೆ ಕಣಮ್ಮ, ಹಾರ್ಟಂತೆ, ಆಯಮ್ಮಂಗೆ ಇದ್ದೋನೊಬ್ನೇ ಮಗ, ಹೋಗಿ ಮಾತಾಡ್ಸ್ಕೊಂಡ್ ಬಾ. ಅಪ್ಪನ ಮಾತಿಗೆ ಕಟ್ಟುಬಿದ್ದು ಬಂದಳು, ಬಂದವಳನ್ನು ಹೀಗೆ ಅಂಗಳದಲ್ಲಿ ನಿಲ್ಲಿಸಿದ್ದಾರೆ.

ಮಾತಾಡಿಸಿಕೊಂಡು ಬರುವುದು — ತಮ್ಮ ಮನೆಯ ಕನ್ನಡದಲ್ಲಿ ಸಾವಿನ ಮನೆಗೆ ಹೋಗುವುದಕ್ಕೆ ಅಷ್ಟೇ ಹೆಸರು, ಈ ಮನೆಯವರು ತಮ್ಮತಮ್ಮಲ್ಲಿ ಆಡುವ ತೆಲುಗಿನಲ್ಲಿ ಅದನ್ನೇ ಪರಾಮರ್ಶ ಅನ್ನುತ್ತಾರೆ, ನೋಡು, ಬೆಳಗ್ಗೆಯಿಂದ ಬೆನ್ನು ಬಿದ್ದ ಪದ ಇಲ್ಲಿಗೂ ಬಂತು, ಇದರ ಕೈಯಿಂದ ಇವತ್ತು ಬಿಡುಗಡೆಯಿಲ್ಲ. ಬೆಳಗ್ಗೆ ಕೊನೆಯ ವರ್ಷದವರ ತರಗತಿ, ಪಾಠದಲ್ಲಿ ಒಂದು ಸಾಲು, ವರದಿಯನ್ನು ಕೂಲಂಕಷವಾಗಿ ಪರಾಮರ್ಶಿಸಿ ಅಂತ, ಮುಂದಿನ ಬೆಂಚಿನ ತನುಜ ಎದ್ದು ನಿಂತಳು, ಮೇಡಂ, ಪರಾಮರ್ಶೆ ಅಂದ್ರೆ ಯೋಚ್ನೆ ಮಾಡೋದೇ ತಾನೆ, ಹಂಗಾದ್ರೆ ಯೋಚ್ನೆ ಅಂತ್ಲೇ ಬರೀಬೋದಿತ್ತಲ್ಲ. ನ್ಯಾಯವಾದ ಪ್ರಶ್ನೆ. ಇಂಥ ಪ್ರಶ್ನೆ ಸಿಕ್ಕಿದರೆ ಶ್ರೀವಿದ್ಯಾಳಿಗೆ ಹಬ್ಬ, ಸೀಮೆಸುಣ್ಣ ಹಿಡಿದು ಬೋರ್ಡಿನ ತುಂಬ ಬರೆದಿದ್ದೇ ಬರೆದಿದ್ದು, ಆಲೋಚನೆ ಅನ್ನೋದರೊಳಗೆ ಲೋಚನ ಇದೆ ನೋಡಮ್ಮ, ಕಣ್ಣು, ದೂರ ನಿಂತು ನೋಡಿದರೂ ಆದೀತು, ವಿಚಾರದೊಳಗೆ ಚರ ಇದೆ, ನಡಿಗೆ, ಸುತ್ತ ಒಂದು ಸಲ ಓಡಾಡಿಕೊಂಡು ಬಂದರೆ ಮುಗೀತು, ಆದರೆ ಪರಾಮರ್ಶೆಯ ಹೊಟ್ಟೆಯಲ್ಲಿರೋ ಧಾತು ಮೃಶ್, ಅಂದರೆ ಮುಟ್ಟು, ಸವರು, ಕೈಯಾಡಿಸು, ವಿಮರ್ಶೆಯಲ್ಲೂ ಅದೇ ಇದೆ, ಈ ಮಾತಿನಲ್ಲಿ ಕೈಯಿದೆ, ಮುಟ್ಟದೆ ಪರಾಮರ್ಶೆ ಆಗಲ್ಲ. ಹೇಳಿದ ಮಾತು ಹೇಳಿದವಳಿಗೇ ಹಿಡಿಸಿತು. ತನುಜ ಕೂರಲಿಲ್ಲ. ಮುಟ್ಟೋದಕ್ಕೂ ಯೋಚ್ನೆ ಮಾಡೋದಕ್ಕೂ ಏನ್ ಮೇಡಂ ಸಂಬಂಧ. ಹಿಂದಿನ ಬೆಂಚಿನ ಹುಡುಗರು ನಕ್ಕರು, ಶ್ರೀವಿದ್ಯಾ ಉತ್ತರ ಹುಡುಕುತ್ತ ಸುಣ್ಣ ಹತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡಳು, ಅಲ್ಲಿ ಅಮ್ಮನ ಬೆರಳುಗಳಿದ್ದವು. ಆಂಜಿನಮ್ಮ ಹುಳ ಆಯುವಾಗ ಹುಳದ ಕಡೆ ನೋಡುತ್ತಲೇ ಇರಲಿಲ್ಲ, ಪಕ್ಕದವಳ ಜೊತೆ ಹರಟುತ್ತ, ಮಗಳನ್ನು ಗದರುತ್ತ, ಸೊಪ್ಪಿನೊಳಗಿಂದ ಒಂದೊಂದನ್ನೇ ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆಲ್ಲಗೆ ಸವರುತ್ತಿದ್ದಳು, ಅಷ್ಟಕ್ಕೇ ಗೊತ್ತಾಗುತ್ತಿತ್ತು, ಮೈ ತಿಳಿಯಾಗಿ ಮೆತ್ತಗಾಗಿದ್ದರೆ ಹಣ್ಣುಹುಳ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡು, ಗಟ್ಟಿಯಾಗಿದ್ದರೆ ಇನ್ನೂ ಕಾಯಿ, ಮತ್ತೆ ಸೊಪ್ಪಿಗೆ ಹಾಕು, ಕಾಯಿಯನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಜೊಳ್ಳು, ಹಣ್ಣನ್ನು ಆಯದೆ ಬಿಟ್ಟರೆ ಅದು ಒಡಲಿನ ನೂಲನ್ನೆಲ್ಲ ಕಸಕಡ್ಡಿಗೆ ಸುತ್ತಿ ಹಾಳುಮಾಡಿಕೊಳ್ಳುತ್ತದೆ. ಇದನ್ನು ಹೇಳಬಹುದಿತ್ತು ತನುಜಳಿಗೆ. ನಮ್ಮಮ್ಮ ಅಂತ ಶುರುಮಾಡಿದವಳು ಅಲ್ಲಿಗೇ ಬಿಟ್ಟು, ನಾಳೆ ಹೇಳ್ತೀನಿ ಕೂತ್ಕೋ ಅಂದುಬಿಟ್ಟಳು.

ಅಮ್ಮನ ಕೈ ನೆನಪಾದರೆ ಅಲ್ಲಿಗೇ ನಿಲ್ಲುವುದಿಲ್ಲ, ಅದೇ ತೊಂದರೆ, ಹುಳದ ಮನೆಯ ಕೈ ಮುಗಿದ ಕೂಡಲೇ ಆಸ್ಪತ್ರೆಯ ಕೈ ಬರುತ್ತದೆ. ಕೊನೆಯ ದಿನಗಳಲ್ಲಿ ಆಂಜಿನಮ್ಮನಿಗೆ ಕಣ್ಣು ತೆರೆಯಲು ತ್ರಾಣವಿರಲಿಲ್ಲ, ಬೆರಳುಗಳಿಗೆ ಮಾತ್ರ ಬಿಡುವಿಲ್ಲ, ಹೊದಿಕೆಯ ಮೇಲಿಂದ ಏನನ್ನೋ ಎತ್ತುವುದು, ಸವರುವುದು, ಪಕ್ಕಕ್ಕೆ ಬಿಡುವುದು, ಮತ್ತೆ ಎತ್ತುವುದು, ನರ್ಸಮ್ಮ ನೋಡಿ, ಕೊನೇಲಿ ಹಿಂಗೇ ಆಗುತ್ತೆ ಮೇಡಂ, ಬಟ್ಟೆ ಕೀಳೋದು ಅಂತಾರೆ, ಎಲ್ರಿಗೂ ಆಗುತ್ತೆ ಅಂದಳು. ಎಲ್ಲರಿಗೂ ಆಗಲಿ, ಅಮ್ಮ ಬಟ್ಟೆ ಕೀಳುತ್ತಿರಲಿಲ್ಲ, ಹಣ್ಣುಹುಳ ಆಯುತ್ತಿದ್ದಳು, ಅದು ಮಗಳಿಗೆ ಗೊತ್ತಿತ್ತು, ಬಿಡುವ ಕಡೆ ಚಂದ್ರಿಕೆಯಿಲ್ಲವೆಂದು ಅಮ್ಮನ ಹುಬ್ಬು ಗಂಟಾಗುತ್ತಿದ್ದುದೂ ಕಾಣುತ್ತಿತ್ತು. ಅಮ್ಮಾಜಮ್ಮ ಬರ್ತಾಳೆ, ನೋಡ್ತಿರು, ನನ್ನ ನೋಡೋಕೆ ಬಂದೇ ಬರ್ತಾಳೆ ಅನ್ನುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಸೋಲುವವರೆಗೆ ಆ ಮನೆಯ ಒಂದೊಂದು ಬೆಳೆಯೂ ಅವಳ ಬೆರಳ ನಡುವೆ ಹಾದುಹೋದದ್ದು, ಅಡುಗೆಮನೆಗೆ ಹೊಗಿಸದವರು ಹುಳದ ಮನೆಯನ್ನು ಅವಳ ಕೈಗೇ ಕೊಟ್ಟಿದ್ದರು, ಆ ಹೆಮ್ಮೆ ಒಂದಿತ್ತು ಅವಳಿಗೆ, ಮಗಳಿಗೆ ಅದರ ಮೇಲೆ ಎಷ್ಟು ಸಿಟ್ಟಿದ್ದರೂ. ಸತ್ತ ದಿನ ಅಪ್ಪ ಮಣ್ಣು ಮಾಡಲು ಬಿಡಲಿಲ್ಲ, ಇರ್ರಿ, ಆಯಮ್ಮ ಬರ್ಲಿ, ಒಂದ್ಸಲ ನೋಡ್ಕೊಳ್ಲಿ, ಬಿಸಿಲು ಇಳಿಯಿತು, ಐಸು ಕರಗಿ ನಡುಮನೆಯೆಲ್ಲ ನೀರಾಯಿತು, ಬುದ್ಧನ ಪಟದ ಕೆಳಗೆ ಅಮ್ಮ ಮಲಗಿಯೇ ಇದ್ದಳು. ಬಂದವನು ರಮೇಶ್‌ಬಾಬು. ಬೀದಿಯ ತುದಿಯಲ್ಲೇ ಬೈಕು ನಿಲ್ಲಿಸಿ, ತಲೆಯ ಮೇಲಿನ ಹೆಲ್ಮೆಟ್ಟೂ ತೆಗೆಯದೆ, ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಸಾವಿನ ಮನೆ ಮೆಟ್ಟಿದ್ರೆ ಮತ್ತೆ ಹುಳದ ಮನೆ ಹೊಗೋ ಹಂಗಿಲ್ಲ, ಅಮ್ಮ ಬರಕ್ಕಾಗಲ್ಲ ಅಂತ ಹೇಳಿ, ತಂದಿದ್ದ ಹಾರವನ್ನು ನರಸಿಂಹಮೂರ್ತಿಯ ಕೈಗೆ ದೂರದಿಂದಲೇ ಚಾಚಿದ. ಮೂರ್ತಿ ಹಾರ ತಂದು ಮೋರಿಗೆ ಹಾಕಿದ. ಹುಳ, ಜ್ವರ ಅಂತ ಒಂದೆರಡು ದಿನ ಮೇಯದೆ ಕೂತು, ಪೊರೆ ಬಿಟ್ಟು ಮತ್ತೆ ಸೊಪ್ಪು ತಿನ್ನುವ ಹುಳ, ಅವುಗಳಿಗಾಗಿ ಅಮ್ಮನ ಮುಖ ನೋಡಲು ಬರಲಿಲ್ಲ, ಅಮ್ಮ ಅದೇ ಹುಳ ಆಯುತ್ತ ಆಯುತ್ತ ಸತ್ತಳು, ಆಮೇಲಿಂದ ಶ್ರೀವಿದ್ಯಾಳಿಗೆ ಎಲ್ಲಿ ನೋಡಿದರೂ ಆ ಬೆರಳು, ಉತ್ತರಪತ್ರಿಕೆ ತಿದ್ದುವಾಗ ಹಾಳೆಯ ಅಂಚಿನಲ್ಲಿ, ಕುಕ್ಕರಿನ ಮುಚ್ಚಳದ ಮೇಲೆ, ಇವತ್ತು ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಕೂಡ, ಎತ್ತುವುದು, ಸವರುವುದು, ಬಿಡುವುದು. ಹೆದರಿಕೆಯಾಗುತ್ತದೆ ಅಂತ ಯಾರಿಗೂ ಹೇಳಿಲ್ಲ.

ಅಶ್ವತ್ಥಮ್ಮ ಏನೋ ಹೇಳುತ್ತಿದ್ದಾಳೆ, ತಿರುಗಿ ಹೊರಟವಳ ಬೆನ್ನಿಗೆ ಹೇಳುತ್ತಿದ್ದಾಳೆ, ಅಯ್ಯೋ ತಪ್ಪು ತಿಳ್ಕೋಬೇಡಮ್ಮ, ನೀನು ಹಂಗಂತ ಅಲ್ಲ, ನಾವು ಮೈಲಿಗೆ, ನಾವೆಲ್ಲ ಮೈಲಿಗೆ ಇವತ್ತು. ಶ್ರೀವಿದ್ಯಾ ನಿಂತಳು. ಕೇಳಿದ್ದು ಮೊದಲು ತಲೆಗೆ ಹೋಗಲಿಲ್ಲ, ಆಮೇಲೆ ಹೋಯಿತು, ಹೋದ ಮೇಲೆ ನಗು ಬಂತು, ಸಾವಿನ ಮನೆಯೆಂದು ತುಟಿ ಕಚ್ಚಿಕೊಂಡಳು. ಊರೆಲ್ಲ ಮಣ್ಣಿಗೆ ಹೋಗಿ ಬಂದಿದೆ, ಊರೆಲ್ಲ ಇವರ ದಾಯಾದಿಗಳೇ, ಕೇರಿಯವರೂ ಗುಂಡಿ ತೋಡಿದವರೇ, ಸೊಪ್ಪು ಕೊಯ್ಯುವ ಮುನೇಶನೂ ಹೆಣಕ್ಕೆ ಹೆಗಲು ಕೊಟ್ಟವನೇ, ಬೆಳಗ್ಗೆ ಬಾಗಿಲಾಚೆ ನಿಂತು ಸೊಪ್ಪಿನ ಕಡ್ಡಿ ಒಳಗೆ ಎಸೆದಿದ್ದಾನೆ ಅಷ್ಟೇ, ಹುಳದ ಮನೆಯ ಹೊಸ್ತಿಲು ದಾಟಲು ಈ ಊರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಸೂತಕದವರನ್ನು ಮುಟ್ಟಿದರೂ ಸೂತಕ, ತಲೆಗೆ ನೀರು ಹಾಕಿಕೊಂಡರೂ ಮೂರು ದಿನ ಹೋಗುವ ಹಾಗಿಲ್ಲ, ಹುಳ ನೋಡಿದರೆ ಹಣ್ಣಾಗುತ್ತಿವೆ, ನಾಳೆಗೆಲ್ಲ ಮುಗಿಯಿತು. ನೀನು ಇನ್ನೂ ಯಾರನ್ನೂ ಮುಟ್ಟಿಲ್ಲ ಕಣಮ್ಮ, ಜಗಲಿ ಹತ್ತಿಲ್ಲ, ಹಂಗೇ ಈ ಸಂದೀಲಿ ಹಿತ್ತಲಿಗೆ ಹೋಗ್ಬಿಡು, ಚಂದ್ರಿಕೆ ಎಲ್ಲಾ ಒಳಗೇ ಅವೆ, ಸಂಜೆವರ್ಗೂ ಆದಷ್ಟು ಆಯ್ದು ಹಾಕಿದ್ರೆ ಅರ್ಧನಾದ್ರೂ ಉಳೀತವೆ, ನಿಮ್ಮಮ್ಮನ ಕೈ ನಿಂಗೂ ಬಂದಿರುತ್ತಲ್ಲ. ಹಾಗಾದರೆ ಇಡೀ ಊರಿಗೆ ಇವತ್ತು ಮಡಿಯಾಗಿರುವವಳು ಆಂಜಿನಮ್ಮನ ಮಗಳು ಒಬ್ಬಳೇ, ಈ ದಿನವನ್ನು ನೋಡಲು ಅಮ್ಮ ಇರಬೇಕಿತ್ತು, ಅಪ್ಪನಿಗೆ ಹೇಳಿದರೆ ಮೀಸೆಯಡಿಯಲ್ಲಿ ನಗುತ್ತಾನೆ, ಬುದ್ಧನ ಪಟ ಗೋಡೆಗೆ ಏರಿಸಿದ ದಿನವೇ ನಮಗಿನ್ನು ಸೂತಕ ಗೀತಕ ಇಲ್ಲ ಅಂತ ಕೈ ತೊಳೆದುಕೊಂಡವನು. ಮೇಡಂ ಬಂದಿದ್ದು ಮಾತಾಡಿಸುವುದಕ್ಕೆ, ಇವರಿಗೆ ಬೇಕಾಗಿರುವುದು ಆಳು. ಹಾಗೆಂದು ಮುಖದ ಮೇಲೆ ಹೇಳಿ ಹೋಗಲು ಬಾಯಿ ತೆರೆದಳು, ಆಗ ಕಂಬದ ಮರೆಯಲ್ಲಿ ಕೂತಿದ್ದ ಅಮ್ಮಾಜಮ್ಮ ಕಂಡಳು.

ಕಂಡರೂ ಗುರುತು ಹತ್ತಲಿಲ್ಲ, ಆ ಎತ್ತರದ ಹೆಂಗಸು, ನಡೆದರೆ ಅಂಗಳ ದಾರಿ ಬಿಡುತ್ತಿತ್ತು, ಈಗ ಗೋಡೆಗೆ ಯಾರೋ ಒರಗಿಸಿಟ್ಟು ಮರೆತ ಹಾಗಿದ್ದಾಳೆ, ಸುತ್ತ ಹೆಂಗಸರು ಕೂತಿದ್ದಾರೆ, ಆದರೆ ಅವಳ ಪಕ್ಕ ಒಂದು ಚಾಪೆಯಷ್ಟು ಜಾಗ ಖಾಲಿ, ಬಂದವರೆಲ್ಲ ಮುಟ್ಟಿದರೆ ಮನೆಗೆ ಹೋಗಿ ಮೀಯಬೇಕಲ್ಲ ಅಂತ ದೂರ ದೂರ, ಅಲ್ಲಿಂದಲೇ ಅಯ್ಯೋ ಪಾಪ ಅಂತಾರೆ, ಅಲ್ಲಿಂದಲೇ ಮೂಗು ಒರೆಸಿಕೊಳ್ಳುತ್ತಾರೆ, ಆ ಖಾಲಿ ಜಾಗವನ್ನು ಶ್ರೀವಿದ್ಯಾ ಬಲ್ಲಳು, ಅದರ ಅಳತೆ ಅವಳಿಗೆ ಚೆನ್ನಾಗಿ ಗೊತ್ತು, ಅದರೊಳಗೇ ಬೆಳೆದವಳು. ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ಸಿಟ್ಟೂ ಬಂತು, ಅನುಭವಿಸಲಿ ಬಿಡು ಒಂದು ಹನ್ನೊಂದು ದಿನ ಅಂತಲೂ ಅನ್ನಿಸಿತು, ಎಲ್ಲವೂ ಒಟ್ಟಿಗೇ. ಅಮ್ಮಾಜಮ್ಮ ತಲೆ ಎತ್ತಿ ನೋಡಿದಳು, ಅಳುವಿಲ್ಲ, ಕಣ್ಣು ಒಣಗಿವೆ, ದನಿ ಮಾತ್ರ ಹಳೆಯದೇ. ನಿಮ್ಮಮ್ಮನ ಮಣ್ಣಿಗೆ ನಾನು ಬರ್ಲಿಲ್ಲ. ನೀನ್ಯಾಕೆ ಬಂದೆ. ಜಗಲಿಯ ಹೆಂಗಸರೆಲ್ಲ ಇತ್ತ ತಿರುಗಿದರು. ಅಪ್ಪ ಕಳಿಸಿದ ಅನ್ನುವುದೊಂದೇ ನಿಜವಾದ ಉತ್ತರ. ಅಮ್ಮಾಜಮ್ಮನೇ ಹೇಳಿದಳು, ಬಂದಿದೀಯಲ್ಲ, ಹುಳ ನೋಡು ಹೋಗಮ್ಮ, ನನ್ನ ಹತ್ರ ಬರಬೇಡ, ಅವನು ಮೇಯ್ಸಿದ ಹುಳ ಅವು, ಮೊನ್ನೆ ಬೆಳಿಗ್ಗೆ ಸೊಪ್ಪು ಹಾಕಿ ಹೊರಗೆ ಬಂದು ಇಲ್ಲೇ ಕೂತ, ಕೂತೋನು ಏಳ್ಲಿಲ್ಲ, ಇನ್ನೇನು ಉಳ್ಸಿಲ್ಲ ಅವನು ನಂಗೆ, ಅವು ಗೂಡಾಗೋದು ನೋಡ್ಬೇಕು, ಅಷ್ಟು ಮಾಡ್ಕೊಡೇ ನಿನ್ನ ದಮ್ಮಯ್ಯ. ಅಮ್ಮಾಜಮ್ಮನ ಬಾಯಲ್ಲಿ ದಮ್ಮಯ್ಯ. ಶ್ರೀವಿದ್ಯಾಳ ಕಾಲು ಜಗಲಿಯ ಮೆಟ್ಟಿಲ ಹತ್ತಿರ ನಿಂತೇ ಇದೆ, ಎಡಕ್ಕೆ ಸಂದಿ, ಹಿತ್ತಲ ದಾರಿ.

ಹೋಗಬೇಕು, ಹೋಗುವುದೇ ಸರಿ, ಹುಳ ಏನು ಪಾಪ ಮಾಡಿದವು, ಸತ್ತವನ ಕೈಯ ಕೊನೆಯ ಕೆಲಸ ಅದು, ಗೂಡಾಗಲಿ, ಅಮ್ಮನಾಗಿದ್ದರೆ ಕೇಳುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗಿರುತ್ತಿದ್ದಳು, ಬೇಡ ಅನ್ನಲು ನನಗಾಗದು — ಆದರೆ ಹೋದರೆ ಏನು ಮಾಡಿದ ಹಾಗಾಯಿತು, ಅವತ್ತು ಅಮ್ಮಾಜಮ್ಮ ಮಾಡಿದ್ದೂ ಅದೇ ಅಲ್ಲವೇ, ಈ ಕಡೆ ಮನುಷ್ಯರು, ಆ ಕಡೆ ಹುಳ, ಅವಳು ಹುಳದ ಕಡೆ ಹೋದಳು, ಈಗ ನಾನೂ ಹುಳದ ಕಡೆ ಹೋಗುತ್ತೇನೆ, ಎದುರಿಗೆ ಸತ್ತ ಮಗನ ತಾಯಿ ಕೂತಿದ್ದಾಳೆ, ಮುಟ್ಟದೆ ಹೋಗುತ್ತೇನೆ, ಮುಟ್ಟದೆ ಹೋದದ್ದಕ್ಕೆ ಇಡೀ ಊರು ನನ್ನನ್ನು ಹೊಗಳುತ್ತದೆ, ಎಂಥ ಒಳ್ಳೆ ಹುಡುಗಿ, ಆಂಜಿನಮ್ಮನ ಮಗಳಲ್ಲವೇ. ಮುಟ್ಟಿದರೆ? ಮುಟ್ಟಿದರೆ ಹುಳ ಹೋಯಿತು, ಅವಳಿಗೆ ಉಳಿದಿರುವುದೊಂದೇ, ಅದೂ ಹೋಯಿತು, ಆಗ ಅದು ಸಮಾಧಾನವೋ ಸೇಡೋ, ಅಮ್ಮ ಕಾದಳಲ್ಲ, ಐಸು ಕರಗುವವರೆಗೂ ಕಾದಳಲ್ಲ, ಅದರ ಲೆಕ್ಕ ತೀರಿಸಲೆಂದೇ ನನ್ನ ಕೈ ಮುಂದೆ ಬರುತ್ತಿದ್ದರೆ — ನೋಡಿ ಹೇಳಲು ಇಲ್ಲಿ ಕಣ್ಣು ಸಾಲದು, ಸುತ್ತ ಓಡಾಡಿ ಬಂದರೂ ಗೊತ್ತಾಗದು, ತನುಜ, ಸಂಬಂಧ ಏನು ಅಂತ ಕೇಳಿದೆಯಲ್ಲ, ನನಗೂ ಗೊತ್ತಿಲ್ಲ ಕಣಮ್ಮ. ಚಪ್ಪಲಿ ಬಿಟ್ಟಳು. ಮೆಟ್ಟಿಲು ಹತ್ತುತ್ತಿದ್ದಾಳೆ. ಬೇಡ ಕಣೇ, ಹತ್ತಬೇಡ್ವೇ ಅನ್ನುತ್ತ ಅಶ್ವತ್ಥಮ್ಮ ಎದ್ದಳು, ತಡೆಯಲು ಮುಟ್ಟಬೇಕು, ಮುಟ್ಟುವಂತಿಲ್ಲ, ಹಾಗಾಗಿ ಗಾಳಿಯಲ್ಲಿ ಕೈ ಬೀಸುತ್ತ ನಿಂತಳು. ಆ ಖಾಲಿ ಜಾಗದಲ್ಲಿ ಶ್ರೀವಿದ್ಯಾ ಕೂತಳು. ನೆಲ ತಣ್ಣಗಿದೆ. ಹತ್ತಿರದಿಂದ ಅಮ್ಮಾಜಮ್ಮನ ಮೈಯಿಂದ ಸೊಪ್ಪಿನ ವಾಸನೆ, ಅಮ್ಮನ ಸೀರೆಯಲ್ಲಿರುತ್ತಿದ್ದದ್ದೇ, ಅದು ಯಾರಲ್ಲೂ ಒಂದೇ. ಕೈ ಚಾಚಿದಳು, ಚಾಚಿದ ಕೈ ಅರ್ಧಕ್ಕೆ ನಿಂತಿತು, ಮುಂದಕ್ಕೆ ಹೋಗಲೂ ಇಲ್ಲ, ಹಿಂದಕ್ಕೆ ಬರಲೂ ಇಲ್ಲ, ಇನ್ನು ಮೇಲಿನದು ನನ್ನದಲ್ಲ, ನೀನೇ ಹೇಳು ಅಮ್ಮಾಜಮ್ಮ, ಯಾವುದು ಬೇಕು ನಿನಗೆ.

ಆಗ ಕೇಳಿಸಿತು, ಕೇಳಿಸದೆ ಹೋದದ್ದು ಕೇಳಿಸಿತು, ಹಿತ್ತಲಿನ ಸದ್ದು ನಿಂತಿದೆ, ತುಂತುರು ನಿಂತಿದೆ, ಹುಳ ಮೇಯುವುದನ್ನು ಬಿಟ್ಟಿವೆ, ಅಂದರೆ ಹಣ್ಣಾದವು, ಒಂದೊಂದೂ ತಲೆ ಎತ್ತಿ ಗಾಳಿಯಲ್ಲಿ ಆಡಿಸುತ್ತ, ಮೊದಲ ಎಳೆ ಅಂಟಿಸಲು ಏನಾದರೂ ಸಿಕ್ಕೀತೇ ಅಂತ ತಡಕುತ್ತಿರುತ್ತವೆ ಈಗ, ಆಯುವವರಿಲ್ಲ. ಅಮ್ಮಾಜಮ್ಮನಿಗೂ ಕೇಳಿಸಿದೆ, ಅವಳ ಮುಖ ಹಿತ್ತಲ ಬಾಗಿಲ ಕಡೆ ತಿರುಗಿತು, ಬಹಳ ಹೊತ್ತು ಅಲ್ಲೇ ಇತ್ತು, ಆಮೇಲೆ ಈ ಕೈಯ ಕಡೆ ಬಂತು, ಮತ್ತೆ ಬಾಗಿಲಿಗೆ ಹೋಯಿತು, ಮತ್ತೆ ಬಂತು. ರಮೇಶಾ ಅಂದಳು, ಕರೆದಂತಲ್ಲ, ಕ್ಷಮೆ ಕೇಳಿದಂತೆ. ಕೈ ಹಿಡಿದಳು. ಜಗಲಿಯಲ್ಲಿ ಯಾರೋ ಅಯ್ಯೋ ಅಂದರು, ಅಶ್ವತ್ಥಮ್ಮ ತಲೆಗೆ ಕೈ ಹೊತ್ತು ಕೂತಳು, ಹೋಯ್ತು ಬಿಡು, ಎಲ್ಲಾ ಹೋಯ್ತು. ಹಿಡಿದ ಕೈ ಬಿಡಲಿಲ್ಲ ಅಮ್ಮಾಜಮ್ಮ, ತನ್ನ ಮಡಿಲಿಗೆ ಎಳೆದುಕೊಂಡಳು, ಅಳುವಿಲ್ಲ, ಮಾತಿಲ್ಲ, ಕಣ್ಣು ಬೇರೆಲ್ಲೋ ಇದೆ, ಹಸಿರು ಕರೆ ಕಟ್ಟಿದ ಹೆಬ್ಬೆರಳು ಮಾತ್ರ ಶ್ರೀವಿದ್ಯಾಳ ಬೆರಳ ತುದಿಗೆ ಬಂದು ನಿಂತಿದೆ, ಸುಣ್ಣದ ಪುಡಿ ಇನ್ನೂ ಇರುವ ತೋರುಬೆರಳು, ಅದನ್ನು ಎತ್ತಿತು, ಸವರಿತು, ಬಿಟ್ಟಿತು, ನಡುಬೆರಳನ್ನು ಎತ್ತಿತು, ಸವರಿತು, ಬಿಟ್ಟಿತು, ಎಷ್ಟು ಮೆಲ್ಲಗೆ, ಹುಳಕ್ಕೆ ನೋವಾಗದ ಹಾಗೆ, ಆಂಜಿನಮ್ಮಾ ಅಂತಾಗಲಿ ತಪ್ಪಾಯಿತು ಅಂತಾಗಲಿ ಬಾಯಿ ಹೇಳುತ್ತಿಲ್ಲ, ಹೆಬ್ಬೆರಳು ಹುಡುಕುತ್ತಿದೆ, ಉಂಗುರಬೆರಳು, ಕಿರುಬೆರಳು, ಮತ್ತೆ ಮೊದಲಿಂದ, ತೋರುಬೆರಳು, ಎತ್ತುವುದು, ಸವರುವುದು, ಆ ಹೆಬ್ಬೆರಳು, ಸವರುವುದು, ಆ ಹೆಬ್ಬೆರಳು